ಒಂಬತ್ತನೇ ನಂಬರಿನ ಬಾಗಿಲು

ಕ್ರಾಗ್ ಟೆರೇಸಿನ ತಿರುವಿನಲ್ಲಿ ಜೋಸಿ ಬಸ್ಸನ್ನು ಬೇಕೆಂದೇ ನಿಧಾನ ಮಾಡಿದಳು. ಹಿಂದಿನ ಸೀಟಿನಿಂದ ಯಾರೋ "ಇವತ್ತೂನಾ?" ಎಂದರು, ಇನ್ಯಾರೋ ನಕ್ಕರು. ಹ್ಯಾದರ್‌ಶಾ ಪೇಟೆಯಿಂದ ಗುಡ್ಡದ ತುದಿಗೆ ಓಡಾಡುವ ಆ ಪುಟ್ಟ ಬಸ್ಸಿನ ಮಂದಿಗೆಲ್ಲ ಸಂಗತಿ ಗೊತ್ತಿತ್ತು. ಡ್ರೈವರ್ ಜೋಸಿ ಅಟ್ಲಿ ಹನ್ನೊಂದನೇ ನಂಬರಿನ ಮನೆ ಕೊಳ್ಳುತ್ತಿದ್ದಾಳೆ. ಅದರ ಗೋಡೆಗೆ ಏಜೆಂಟರು ಹೊಡೆದ 'ಮಾರಾಟಕ್ಕೆ ಒಪ್ಪಿಗೆಯಾಗಿದೆ' ಎಂಬ ಹಲಗೆಯನ್ನು ದಿನಕ್ಕೆ ಹದಿನಾಲ್ಕು ಸಲ ನೋಡದಿದ್ದರೆ ಅವಳಿಗೆ ತಿಂದದ್ದು ಅರಗುವುದಿಲ್ಲ.

ಹಲಗೆ ಇತ್ತು. ಯಾರೂ ಕಿತ್ತುಕೊಂಡು ಹೋಗಿರಲಿಲ್ಲ. ಜೋಸಿ ನಿಟ್ಟುಸಿರು ಬಿಟ್ಟು ಮತ್ತೆ ವೇಗ ಹೆಚ್ಚಿಸಿದಳು.

ಮನೆಯೇನೂ ಅರಮನೆಯಲ್ಲ. ಇಳಿಜಾರಿಗೆ ಅಂಟಿಕೊಂಡ ಕಪ್ಪುಕಲ್ಲಿನ ಸಾಲುಮನೆಗಳಲ್ಲಿ ಒಂದು, ಮೇಲೆ ಎರಡು ಕೋಣೆ, ಕೆಳಗೆ ಎರಡು. ಅಡುಗೆಮನೆಯಲ್ಲಿ ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕು. ಆದರೆ ಓಣಿಯ ಆಚೆ ಬದಿಗೆ, ಮನೆಯ ಪಾಲಿಗೆ ಬಂದ ಒಂದು ತುಂಡು ಕೈತೋಟವಿತ್ತು. ಆ ಕಣಿವೆಯಲ್ಲಿ ಮೋಡ ಸರಿದರೆ ಬಿಸಿಲು ಮೊದಲು ಬೀಳುತ್ತಿದ್ದುದು ಅಲ್ಲಿ, ಸಂಜೆ ಕೊನೆಗೆ ಹೋಗುತ್ತಿದ್ದುದೂ ಅಲ್ಲಿಂದಲೇ. ಬಟ್ಟೆ ಒಣಹಾಕಲು ಎರಡು ಕಂಬ, ನಡುವೆ ಹಗ್ಗ. ಮನೆ ನೋಡಲು ಹೋದ ದಿನ ಜೋಸಿ ಒಳಗಿನ ಕೋಣೆಗಳನ್ನು ಐದು ನಿಮಿಷದಲ್ಲಿ ಮುಗಿಸಿ, ಆ ಕಂಬಗಳ ನಡುವೆ ಅರ್ಧ ಗಂಟೆ ನಿಂತಿದ್ದಳು. "ಟ್ರೆವರ್, ನನಗೆ ಇದು ಬೇಕು," ಎಂದಿದ್ದಳು. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಗಂಡನ ಬಳಿ ಅವಳು ಹಾಗೆ ನೇರವಾಗಿ ಏನನ್ನೂ ಕೇಳಿರಲಿಲ್ಲ.

ಆ ಇಪ್ಪತ್ತೆರಡು ವರ್ಷಗಳಲ್ಲಿ ನಾಲ್ಕು ಬಾಡಿಗೆ ಮನೆ ಆಗಿದ್ದವು. ನಾಲ್ಕರಲ್ಲೂ ಒಂದೇ ಕರಾರು: ಗೋಡೆಗೆ ಮೊಳೆ ಹೊಡೆಯಕೂಡದು. ಅಪ್ಪ ಅಮ್ಮನ ಮದುವೆ ಫೋಟೋ ನಾಲ್ಕೂ ಮನೆಗಳಲ್ಲಿ ಕಪಾಟಿನ ಮೇಲೆ ಗೋಡೆಗೆ ಒರಗಿಕೊಂಡೇ ಕಾಲ ಕಳೆದಿತ್ತು. ಮಿಸೆಸ್ ಡನ್ ತನ್ನ ಮನೆಯನ್ನು ಇವರಿಗೇ ಕೊಡುವುದಾಗಿ ಒಪ್ಪಿದ ದಿನ ಜೋಸಿ ಸೀದಾ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಪೊಟ್ಟಣ ಮೊಳೆ ಕೊಂಡಳು. ಅದು ಅವಳ ಯೂನಿಫಾರಂ ಜಾಕೆಟ್ಟಿನ ಜೇಬಿನಲ್ಲೇ ಇತ್ತು. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಝಣಝಣ ಅನ್ನುತ್ತಿತ್ತು. ನಲವತ್ತಾರರ ಹೆಂಗಸಿಗೆ ಇದೆಂಥ ಹುಚ್ಚು ಎಂದು ಯಾರಾದರೂ ಕೇಳಬಹುದಿತ್ತು. ಕೇಳಿದವರು ಸ್ವಂತ ಮನೆಯಲ್ಲಿ ಹುಟ್ಟಿದವರಾಗಿರಬೇಕು, ಅಷ್ಟೆ.

ಮೇಲಿನ ಸ್ಟಾಪಿನಲ್ಲಿ ಆರ್ನಲ್ಡ್ ಸಟ್‌ಕ್ಲಿಫ್ ಹತ್ತಿದರು. ಎಂಬತ್ತರ ಮುದುಕ, ಒಂಬತ್ತನೇ ನಂಬರಿನವರು; ಬೆಸ ನಂಬರುಗಳ ಆ ಸಾಲಿನಲ್ಲಿ ಅದು ಹನ್ನೊಂದರ ಪಕ್ಕದ ಮನೆ. ಮಂಗಳವಾರ, ಶುಕ್ರವಾರ, ಹತ್ತೂ ಇಪ್ಪತ್ತರ ಬಸ್ಸು, ಡ್ರೈವರ್ ಪಕ್ಕದ ಮೊದಲ ಸೀಟು. ಹತ್ತು ವರ್ಷದಿಂದ ಇದು ತಪ್ಪಿರಲಿಲ್ಲ.

"ಏನು ಹುಡುಗಿ, ನನ್ನ ಪಕ್ಕಕ್ಕೇ ಬರ್ತಾ ಇದೀಯಂತೆ?" ಎಂದರು ಪಾಸು ತೋರಿಸುತ್ತಾ. "ಮೊದಲೇ ಹೇಳ್ಬಿಡ್ತೀನಿ, ನಾನು ಬೆಳಗ್ಗೆ ಐದಕ್ಕೇ ಎದ್ದು ರೇಡಿಯೋ ಹಾಕ್ತೀನಿ."

"ನಾನು ನಾಲ್ಕೂವರೆಗೇ ಎದ್ದು ಡಿಪೋಗೆ ಹೋಗ್ತೀನಿ. ಹಾಕ್ಕೊಳ್ಳಿ ನೀವು," ಎಂದಳು ಜೋಸಿ. ಅವಳ ಮುಖ ಮೊರದಗಲ ಆಗಿತ್ತು.

ಇದು ಏಪ್ರಿಲ್ ಮೊದಲ ವಾರದ ಮಾತು.

ಮನೆ ಕೊಳ್ಳಲು ಸಾಲಿಸಿಟರ್ ಬೇಕು. ಕಾಗದಪತ್ರ ಜಾಲಾಡಿ, ಚಕ್ಕುಬಂದಿ ನೋಡಿ, ಬ್ಯಾಂಕಿಗೂ ನೋಂದಣಿ ಕಚೇರಿಗೂ ಉತ್ತರ ಹೇಳಲು ಒಬ್ಬರಿರಬೇಕು. ಜೋಸಿಗೆ ಮೊದಲಿನಿಂದ ಮನಸ್ಸಿದ್ದದ್ದು ಮಾರ್ಕೆಟ್ ಬೀದಿಯ ಮಿಸ್ ಹಾವರ್ತ್ ಮೇಲೆ. ಮಾಂಸ ತುಂಬಿದ ಪೈ ಮಾರುವ ಅಂಗಡಿಯ ಮೇಲಂತಸ್ತಿನಲ್ಲಿ ಆಕೆಯ ಕಚೇರಿ. ಬಸ್ಸು ಸಿಗ್ನಲಿನಲ್ಲಿ ನಿಂತರೆ ಆಕೆಯ ಹೆಸರಿನ ಹಿತ್ತಾಳೆ ಫಲಕ ಎದುರಿಗೇ ಕಾಣುತ್ತಿತ್ತು. ಬಾಯ್ಲರ್ ರಿಪೇರಿ ಮಾಡುವ ಟ್ರೆವರನಿಗೆ ಅದು ಹಿಡಿಸಲಿಲ್ಲ. ಏಜೆಂಟರು ಹೇಳಿದ ಕಂಪನಿ ಅರ್ಧ ಫೀಜಿಗೆ ಎಲ್ಲವನ್ನೂ ಫೋನಿನಲ್ಲೇ ಮುಗಿಸುತ್ತದೆ, ಒಂದೊಂದು ಕೆಲಸ ಆದ ಹಾಗೂ ಪರದೆಯ ಮೇಲೆ ಹಸಿರು ಗುರುತು ಬೀಳುತ್ತದೆ. ಕಂಪನಿ ಇದ್ದದ್ದು ಇನ್ನೂರು ಮೈಲಿ ದೂರದ ಯಾವುದೋ ಊರಿನಲ್ಲಿ. ಜೋಸಿ ಮನೆ ಸಿಕ್ಕ ಖುಷಿಯಲ್ಲಿದ್ದಳು, ಹೂಂ ಅಂದಳು. ಎರಡು ವಾರ ಹಸಿರು ಗುರುತುಗಳು ಟಪಟಪ ಬಿದ್ದವು. ಟ್ರೆವರ್ ಊಟದ ಹೊತ್ತಿಗೆ ಅವನ್ನು ತೋರಿಸಿ ಮೀಸೆ ತಿರುವಿದ. ಆಮೇಲೆ ಒಂದು ಕಿತ್ತಳೆ ಗುರುತು ಬಿತ್ತು.

ಫೋನು ಬಂದಾಗ ಬಸ್ಸು ಗುಡ್ಡದ ತುದಿಯಲ್ಲಿ ನಿಂತಿತ್ತು. ಹನ್ನೆರಡು ನಿಮಿಷದ ಬಿಡುವು. ಕಂಪನಿಯ ಕಡೆಯಿಂದ ಮಾತಾಡಿದವನು ಜೋರ್ಡನ್ ಎಂಬ ಯುವಕ, ಬಲು ಮರ್ಯಾದಸ್ಥ.

"ಜೋಸಿ, ಒಂದು ಸಣ್ಣ ವಿಷಯ. ನಕ್ಷೆ ಪ್ರಕಾರ ನೀವು ಹೇಳಿದ ಆ ಬಿಸಿಲಿನ ತುಂಡು ಹನ್ನೊಂದನೇ ನಂಬರಿಗೆ ಸೇರಿದ್ದಲ್ಲ. ಅದು ಒಂಬತ್ತರದು. ಹನ್ನೊಂದಕ್ಕೆ ಸೇರಿರೋದು ಅದರ ಪಕ್ಕದ್ದು."

"ಪಕ್ಕದ್ದು ನೆರಳಿನ ತುಂಡು. ಅದರಲ್ಲಿ ಸಟ್‌ಕ್ಲಿಫ್ ಅವರು ರೂಬಾರ್ಬ್ ಗಿಡ ಬೆಳೀತಾರೆ," ಎಂದಳು ಜೋಸಿ.

"ಗಾಬರಿ ಬೇಡ ಜೋಸಿ, ಇದಕ್ಕೆ ವಿಮೆ ಇದೆ. ಮುಂದೆ ಅವರು ಜಾಗ ತಮ್ಮದು ಅಂದ್ರೆ ವಿಮೆಯವರು ನಷ್ಟ ಕಟ್ಟಿಕೊಡ್ತಾರೆ. ಬ್ಯಾಂಕಿನವರು ಅಷ್ಟಕ್ಕೆ ಒಪ್ತಾರೆ. ಒಂದೇ ಷರತ್ತು, ಈ ವಿಷಯ ಪಕ್ಕದ ಮನೆಯವರ ಕಿವಿಗೆ ಹಾಕಬಾರದು. ಹಾಕಿದ್ರಿ ಅಂದ್ರೆ ವಿಮೆ ಸಿಗಲ್ಲ. ನೀವು ಅವರನ್ನ ಭೇಟಿಯಾಗೋ ಸಂಭವ ಏನಾದ್ರೂ ಇದೆಯಾ?"

"ಮಂಗಳವಾರ, ಶುಕ್ರವಾರ," ಎಂದಳು ಜೋಸಿ. "ಹತ್ತೂ ಇಪ್ಪತ್ತಕ್ಕೆ."

"ಹಾಗಾದ್ರೆ ಆದಷ್ಟು ಕಡಿಮೆ ಮಾತಾಡಿ," ಎಂದ ಜೋರ್ಡನ್.

ಹೇಳುವುದು ಸುಲಭ. ಆ ಶುಕ್ರವಾರ ಆರ್ನಲ್ಡ್ ಹತ್ತಿ ಕೂತವರೇ, "ಯಾವತ್ತು ಸಾಮಾನು ತರ್ತೀಯಾ?" ಎಂದರು. "ಇನ್ನೂ ಗೊತ್ತಾಗಿಲ್ಲ," ಎಂದಳು ಜೋಸಿ, ರಸ್ತೆಯಿಂದ ಕಣ್ಣು ತೆಗೆಯದೆ. "ಬಟ್ಟೆ ಒಣಹಾಕೋಕೆ ಅದರಂಥ ಜಾಗ ಈ ಕಣಿವೇಲೇ ಇಲ್ಲ ನೋಡು," ಎಂದರು ಅವರು. ಜೋಸಿಗೆ ಏನು ಹೇಳಬೇಕೋ ತೋಚದೆ ವೈಪರ್ ಹಾಕಿದಳು. ಹೊರಗೆ ಚುರುಚುರು ಬಿಸಿಲು. ಗಾಜಿನ ಮೇಲೆ ರಬ್ಬರು ಕಿರ್ರೋ ಅಂತು. ಆರ್ನಲ್ಡ್ ಅವಳನ್ನೂ ಗಾಜನ್ನೂ ಒಮ್ಮೆ ನೋಡಿದರು.

ಮುಂದಿನ ಮಂಗಳವಾರ ಅವರು ಹವಾಮಾನದ ಮಾತಾಡಿದರು, ಅವಳು ಹೂಂ ಅಂದಳು. ಶುಕ್ರವಾರ ಅವರು ಏನೂ ಮಾತಾಡಲಿಲ್ಲ. ಅದರ ಮುಂದಿನ ಮಂಗಳವಾರ ಹತ್ತಿದವರು ಮೊದಲ ಸೀಟು ಖಾಲಿ ಇದ್ದರೂ ಅದನ್ನು ದಾಟಿ, ಕಂಬಿ ಹಿಡಿದುಕೊಂಡು ಕೊನೆಯ ಸಾಲಿನವರೆಗೆ ನಡೆದುಹೋಗಿ ಕೂತರು. ಜೋಸಿ ಕನ್ನಡಿಯಲ್ಲಿ ನೋಡಿದಳು. ಟೋಪಿ ಮಾತ್ರ ಕಂಡಿತು.

ಮರುದಿನ ಊಟದ ಬಿಡುವಿನಲ್ಲಿ ಅವಳು ಪೈ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದಳು.

ಮಿಸ್ ಹಾವರ್ತ್ ಅರವತ್ತು ದಾಟಿದ, ದೊಡ್ಡ ಕೈಗಳ ಹೆಂಗಸು. ಮೇಜಿನ ಮೇಲೆ ಅರ್ಧ ತಿಂದ ಹಂದಿಮಾಂಸದ ಪೈ, ಅದರ ಪಕ್ಕ ಯಾರದೋ ಮನೆಯ ನಕ್ಷೆ. ಜೋಸಿ ತಡವರಿಸುತ್ತಾ ಶುರುಮಾಡಿದಳು. 'ಕ್ರಾಗ್ ಟೆರೇಸ್' ಎಂದದ್ದೇ ತಡ, ಆಕೆ ಕೈ ಎತ್ತಿ ತಡೆದಳು.

"ಒಂದೇ ಪ್ರಶ್ನೆ. ಬಟ್ಟೆ ಎಲ್ಲಿ ಒಣಹಾಕ್ತಾರೆ?"

"ಬಿಸಿಲಿನ ತುಂಡಲ್ಲಿ."

"ಕಾಗದದಲ್ಲಿ ಅದು ಆರ್ನಲ್ಡ್‌ದು, ಅಲ್ವಾ?" ಮಿಸ್ ಹಾವರ್ತ್ ನಕ್ಕಳು. "ಆ ಸಾಲಲ್ಲಿ ಹನ್ನೆರಡು ಮನೆ ಇದೆ. ನಾನು ಎಂಟು ಮನೆ ಕೊಡಿಸಿದೀನಿ. ಒಂದರಲ್ಲೂ ಕಾಗದ ಹೇಳಿದ ಕಡೆ ಬಟ್ಟೆ ಒಣಗಲ್ಲ. ನನ್ನ ಚಿಕ್ಕಮ್ಮ ಮೂರನೇ ನಂಬರಲ್ಲಿದ್ಲು. ಕೋಳಿ ಸಾಕೋರಿಗೆ ಒಂದು ಕಡೆ ಬೇಕು, ಮಕ್ಕಳಿರೋರಿಗೆ ಇನ್ನೊಂದು ಕಡೆ. ಗೋಡೆ ಮೇಲಿಂದ ಕೈ ಕುಲುಕಿ ಅದಲು ಬದಲು ಮಾಡ್ಕೊಳ್ತಿದ್ರು. ಮುಗೀತು. ಕಾಗದಕ್ಕೆ ತಿಳಿಸೋ ಅಭ್ಯಾಸ ಯಾರಿಗೂ ಇರಲಿಲ್ಲ."

"ಮಾತಾಡಿದ್ರೆ ವಿಮೆ ಹೋಗುತ್ತಂತೆ."

"ಹೋಗುತ್ತೆ. ಆ ಹುಡುಗ ಸುಳ್ಳು ಹೇಳಿಲ್ಲ. ಅವನು ಕೂತಿರೋ ಕಡೆಯಿಂದ ಅವನಿಗೆ ಕಾಣೋದು ನಕ್ಷೆ ಒಂದೇ, ಅದರಲ್ಲಿ ಆರ್ನಲ್ಡ್ ಇಲ್ಲ." ಆಕೆ ಪೈ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನನ್ನ ಕೇಳಿದ್ರೆ, ಹೋಗಿ ಬಾಗಿಲು ತಟ್ಟು. ಅವರು ಒಪ್ಪಿದ್ರೆ ಮಿಸೆಸ್ ಡನ್‌ಗೂ ಅವರಿಗೂ ಅದಲು ಬದಲು ಪತ್ರ ಮಾಡಿಸೋಣ. ಆಮೇಲೆ ನೀನು ಕೊಳ್ಳೋದು ಚೊಕ್ಕವಾದ ಮನೆ. ಅವರು ಒಪ್ಪಲಿಲ್ಲ ಅಂದ್ರೆ ವಿಮೆಯೂ ಇಲ್ಲ, ಬ್ಯಾಂಕ್ ಸಾಲವೂ ಇಲ್ಲ, ಮನೆಯೂ ಇಲ್ಲ. ಒಂದು ಸಲ ತಟ್ಟಿದ ಬಾಗಿಲನ್ನ ತಟ್ಟಿಲ್ಲ ಅನ್ನೋಕಾಗಲ್ಲ. ಇದನ್ನ ನಾನು ಈಗಲೇ ಹೇಳಿರ್ಬೇಕು, ಹೇಳಿದೀನಿ."

"ಸಮಯ?"

"ಮಿಸೆಸ್ ಡನ್ ಎಷ್ಟು ದಿನ ಕಾಯ್ತಾಳೆ?"

"ಮೇ ಮೂವತ್ತು. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ಪೂರ್ತಿ ಹಣ ಹಿಡ್ಕೊಂಡು ನಿಂತಿರೋ ಇನ್ನೊಬ್ಬರು ಇದಾರಂತೆ."

ಮಿಸ್ ಹಾವರ್ತ್ ಗೋಡೆಯ ಕ್ಯಾಲೆಂಡರ್ ನೋಡಿ ತುಟಿ ಕಚ್ಚಿದಳು. ಆಗಲೇ ಏಪ್ರಿಲ್ ಮುಗಿದಿತ್ತು. "ಕಷ್ಟ," ಎಂದಳು. "ಆಗಲ್ಲ ಅಂತ ಹೇಳ್ತಿಲ್ಲ."

ಮೆಟ್ಟಿಲಿಳಿಯುವಾಗ ಜೋಸಿಯ ಕಾಲು ನೆಲದ ಮೇಲಿರಲಿಲ್ಲ. ಹೆದರಿಕೆ ಇತ್ತು, ಇಲ್ಲವೆಂದಲ್ಲ. ಆದರೆ ಎರಡು ವಾರದಿಂದ ನುಂಗಿಕೊಂಡಿದ್ದ ಮಾತನ್ನು ಇನ್ನು ಆಡಬಹುದಿತ್ತು. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಅವಳು ಹತ್ತಿದವರೆಲ್ಲರ ಜೊತೆಗೂ ಮಾತಾಡಿದಳು.

ಸಂಜೆ ಊಟದ ಮೇಜಿನಲ್ಲಿ ಟ್ರೆವರ್ ಫೋರ್ಕನ್ನು ತಟ್ಟೆಯ ಮೇಲೆ ಇಟ್ಟುಬಿಟ್ಟ.

"ತಲೆ ನೆಟ್ಟಗಿದೆಯೇನೇ ನಿಂಗೆ? ಸುಮ್ಮನೆ ಬಾಯಿ ಮುಚ್ಕೊಂಡಿದ್ರೆ ಇನ್ನೊಂದು ತಿಂಗಳಲ್ಲಿ ಮನೆ ನಮ್ಮದು. ಅದು ಬಿಟ್ಟು ಹೋಗಿ ಆ ಮುದುಕನ ಕಾಲಿಗೆ ಬೀಳ್ತೀನಿ ಅಂತೀಯ."

"ಕಾಲಿಗೆ ಬೀಳ್ತೀನಿ ಅಂದೆನಾ? ಬಾಗಿಲು ತಟ್ತೀನಿ ಅಂದೆ."

"ಅವನು ಒಪ್ಪಲಿಲ್ಲ ಅಂದ್ರೆ?"

"ಒಪ್ಪಲಿಲ್ಲ ಅಂದ್ರೆ ಐದನೇ ಬಾಡಿಗೆ ಮನೆ," ಎಂದಳು ಜೋಸಿ. ಅಷ್ಟು ಹೇಳುವುದರೊಳಗೆ ಅವಳ ದನಿ ಒಡೆಯಿತು. "ನಂಗೂ ಗೊತ್ತು ಟ್ರೆವರ್. ಆ ಮನೆ ಕೈ ತಪ್ಪಿದ್ರೆ ನಾನು ಆ ತಿರುವಲ್ಲಿ ದಿನಾ ಹದಿನಾಲ್ಕು ಸಲ ಅದರ ಮುಂದೇನೇ ಬಸ್ ಓಡಿಸ್ಬೇಕು. ಆದ್ರೆ ಅವರಿಗೆ ಹೆದರಿ ಹೆದರಿ ಅವರ ಪಕ್ಕದಲ್ಲೇ ಇಪ್ಪತ್ತು ವರ್ಷ ಹೇಗೆ ಇರ್ಲಿ? ಅವರು 'ಬಟ್ಟೆ ಒಣಗ್ತಾ?' ಅಂತ ಕೇಳಿದ್ರೆ ನಾನು ಮನೆ ಒಳಗೆ ಓಡಿಹೋಗ್ಲಾ? ಅಲ್ಲಿ ವೈಪರೂ ಇರಲ್ಲ."

ಟ್ರೆವರನಿಗೆ ವೈಪರಿನ ವಿಷಯ ಗೊತ್ತಿರಲಿಲ್ಲ. ಜೋಸಿ ಹೇಳಿದಳು. ಅವನು ನಗದಿರಲು ತುಂಬ ಪ್ರಯತ್ನಪಟ್ಟ, ಆಗಲಿಲ್ಲ. ನಕ್ಕ ಮೇಲೆ ಮತ್ತೆ ಮುಖ ಗಂಟಿಕ್ಕಿಕೊಂಡ. ಕಂಪನಿಗೆ ಕಟ್ಟಿದ ದುಡ್ಡು ಹೋಯಿತಲ್ಲ ಎಂದು ಅರ್ಧ ಗಂಟೆ ಗೊಣಗಿದ. ಶನಿವಾರ ಬೆಳಗ್ಗೆ ಜೋಸಿ ಕೋಟು ಹಾಕಿಕೊಳ್ಳುವಷ್ಟರಲ್ಲಿ ಅವನು ಅಳತೆ ಟೇಪು ಜೇಬಿಗಿಳಿಸಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಲಾಯರಿಗೆ ಅಳತೆ ಹಿಡಿಯೋಕೆ ಬರುತ್ತೋ ಇಲ್ವೋ," ಎಂದ.

ಮಿಸ್ ಹಾವರ್ತ್ ರಬ್ಬರು ಬೂಟು ಹಾಕಿಕೊಂಡು ಓಣಿಯ ತುದಿಯಲ್ಲಿ ಕಾಯುತ್ತಿದ್ದಳು. ಕೈಯಲ್ಲಿ ಅವಳದೇ ಟೇಪು, ಟ್ರೆವರನದಕ್ಕಿಂತ ಉದ್ದನೆಯದು. ಮೂವರೂ ಹತ್ತಿದರು. ಗಾಳಿ ತಣ್ಣಗಿತ್ತು, ಆಕಾಶ ತೊಳೆದಿಟ್ಟ ಹಾಗಿತ್ತು, ಹಗ್ಗದ ಮೇಲೆ ಮಿಸೆಸ್ ಡನ್‌ಳ ಹಾಸಿಗೆ ಬಟ್ಟೆ ಪಟಪಟ ಬಡಿಯುತ್ತಿತ್ತು. ಜೋಸಿ ಅದನ್ನೇ ನೋಡಿದಳು. ಇನ್ನೈದು ನಿಮಿಷದಲ್ಲಿ ಇದು ತನ್ನದು, ಇಲ್ಲವೇ ಯಾವತ್ತಿಗೂ ತನ್ನದಲ್ಲ.

ಒಂಬತ್ತನೇ ನಂಬರಿನ ಮೆಟ್ಟಿಲ ಬಳಿ ಬಂದವಳು ಹಾಗೇ ನಿಂತುಬಿಟ್ಟಳು. ಬಾಗಿಲ ಪಕ್ಕ ಸಾಲಾಗಿ ಮೂರು ಬಕೆಟ್ಟು. ಮೂರರಲ್ಲೂ ಮಣ್ಣು, ಮಣ್ಣಿನೊಳಗೆ ಮನುಷ್ಯನ ತಲೆಯಷ್ಟು ದಪ್ಪದ ರೂಬಾರ್ಬ್ ಗಡ್ಡೆಗಳು. ಪೈಗೆ ಹಾಕುವ ಅವುಗಳ ಹುಳಿ ಕೆಂಪು ದಂಟುಗಳೂ ಅಗಲ ಎಲೆಗಳೂ ಬಾಡಿ ಬಕೆಟ್ಟಿನ ಅಂಚಿನಿಂದ ಜೋತುಬಿದ್ದಿದ್ದವು. ಓಣಿಯಾಚೆ, ನೆರಳಿನ ತುಂಡಿನಲ್ಲಿ, ಮೂರು ಹೊಸ ಗುಂಡಿ.

ತಟ್ಟುವ ಮೊದಲೇ ಬಾಗಿಲು ತೆರೆಯಿತು. ಆರ್ನಲ್ಡ್ ತೋಳು ಮಡಿಸಿದ ಅಂಗಿಯಲ್ಲಿ, ಕೈಯಲ್ಲಿ ಸಲಿಕೆ ಹಿಡಿದು ನಿಂತಿದ್ದರು.

"ಲಾಯರಮ್ಮನ್ನೂ ಕರ್ಕೊಂಡೇ ಬಂದ್ಯಾ," ಎಂದರು. "ಟೇಪು ಬೇರೆ. ಇನ್ನೆರಡು ದಿನ ತಡ್ಕೊಳ್ಳಿ, ಉಳಿದಿದ್ದನ್ನೂ ಕಿತ್ತುಕೊಡ್ತೀನಿ. ನಿಮ್ಮ ಜಾಗ ನಿಮಗೆ."

"ಇದೇನು ಮಾಡಿದ್ರಿ ನೀವು?" ಎಂದಳು ಜೋಸಿ. ಅವಳ ಕಣ್ಣು ಬಕೆಟ್ಟುಗಳ ಮೇಲೇ ಇತ್ತು. "ಈ ಕಾಲದಲ್ಲಿ ಕಿತ್ರೆ ಬದುಕುತ್ತಾ ಇದು?"

"ಬದುಕ್ಬಹುದು, ಸಾಯ್ಬಹುದು. ನಮ್ಮಪ್ಪ ನೆಟ್ಟಿದ್ದು. ನಾನು ಹನ್ನೆರಡು ವರ್ಷದವನಿದ್ದಾಗ." ಮುದುಕರು ಸಲಿಕೆಯನ್ನು ಗೋಡೆಗೆ ಒರಗಿಸಿದರು. "ಮುಚ್ಚಿಡೋದೇನಿದೆ. ಆ ಜಾಗ ಕಾಗದದಲ್ಲಿ ನಂದಲ್ಲ ಅಂತ ನಂಗೆ ಯಾವಾಗಲೂ ಗೊತ್ತು. ಹನ್ನೊಂದರಲ್ಲಿ ಆಗ ಆಗ್ಡೆನ್ ಅಂತ ಒಬ್ಬಾಕೆ ಇದ್ಲು. ಗಂಡ ಇಲ್ಲ, ಆರು ಮಕ್ಕಳು, ಊರವರ ಬಟ್ಟೆ ಒಗೆದು ಜೀವನ. ನಮ್ಮ ತುಂಡಲ್ಲಿ ಬಿಸಿಲು, ಅವಳದ್ದರಲ್ಲಿ ನೆರಳು, ತೇವ. ನಮ್ಮಪ್ಪ ಆ ಗೋಡೆ ಮೇಲಿಂದ ಕೈ ಚಾಚಿ, ನೀನು ಇದು ತಗೋ ನಾನು ಅದು ತಗೋತೀನಿ ಅಂದ. ಅಷ್ಟೇ. ಆಮೇಲೆ ಆ ಮನೆ ಯಾರು ಕೊಂಡ್ರೂ ಒಂದಿನ ಕಾಗದ ಹಿಡ್ಕೊಂಡು ಬರ್ತಾರೆ ಅಂತ ನಂಗೆ ಹೆದರಿಕೆ. ನೀನು ಅಂತ ಗೊತ್ತಾದಾಗ ಖುಷಿಯಾಗಿದ್ದೆ. ಆಮೇಲೆ ನೀನು ಮಾತು ಬಿಟ್ಟೆ."

ಜೋಸಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು.

"ಹತ್ತು ವರ್ಷದಿಂದ ನನ್ನ ಮಂಡಿನೋವಿನಿಂದ ಹಿಡಿದು ಎಲ್ಲಾ ವಿಚಾರಿಸ್ತಿದ್ದೋಳು," ಎಂದರು ಆರ್ನಲ್ಡ್, "ನನ್ನ ಮುಖ ನೋಡ್ತಿರಲಿಲ್ಲ. ಬಿಸಿಲಲ್ಲಿ ವೈಪರ್ ಹಾಕಿದೆ. ಆಗ್ಲೇ ಅರ್ಥ ಆಯ್ತು ನಂಗೆ, ಇವಳಿಗೆ ಕಾಗದ ಸಿಕ್ಕಿದೆ ಅಂತ."

"ನನ್ನ ಬಾಯಿ ಕಟ್ಟಿಹಾಕಿದ್ರು," ಎಂದಳು ಜೋಸಿ. ಆಮೇಲೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಜೋರ್ಡನ್, ಕಿತ್ತಳೆ ಗುರುತು, ವಿಮೆ, ಮಾತಾಡಿದರೆ ವಿಮೆ ಬಿದ್ದುಹೋಗುವುದು, ಈಗ ಮಾತಾಡಿರುವುದರಿಂದ ಬಿದ್ದೇಹೋಗಿರುವುದು. "ನಿಮ್ಮ ರೂಬಾರ್ಬ್ ನಂಗೆ ಬೇಡ. ನಂಗೆ ಬೇಕಾಗಿರೋದು ಬಟ್ಟೆ ಹಗ್ಗ. ಅದು ನಿಮ್ಮದು. ಕಾಗದದಲ್ಲಿ ನಿಮ್ಮದು. ನೀವು ಇಲ್ಲ ಅಂದ್ರೆ ನಂಗೆ ಮನೆ ಇಲ್ಲ. ಕೇಳೋಕೆ ಬಂದೆ."

ಆರ್ನಲ್ಡ್ ಮಿಸ್ ಹಾವರ್ತ್ ಕಡೆ ತಿರುಗಿದರು. "ಹೌದಾ? ಬಿಸಿಲಿಂದು ಇನ್ನೂ ನಂದೇನಾ ಕಾಗದದಲ್ಲಿ?"

"ನಿಮ್ಮದೇ. ನೀವು ಹಠ ಹಿಡಿದ್ರೆ ಇವರು ಇವತ್ತೇ ವಾಪಸ್ ಹೋಗ್ಬೇಕು," ಎಂದಳು ಆಕೆ. ಅಲಂಕಾರ ಮಾಡಿ ಹೇಳುವ ಅಭ್ಯಾಸ ಆಕೆಗಿರಲಿಲ್ಲ.

ಮುದುಕರು ಓಣಿ ದಾಟಿ ಹೋದರು. ಎರಡು ತುಂಡುಗಳ ನಡುವಿನ ಮೊಣಕಾಲೆತ್ತರದ ಕಲ್ಲುಗೋಡೆಯ ಹತ್ತಿರ ನೆರಳಿನ ಕಡೆ ನಿಂತುಕೊಂಡರು. ಟ್ರೆವರ್ ಜೋಸಿಯ ಮೊಣಕೈ ಒತ್ತಿದ.

"ಬಾ ಇಲ್ಲಿ," ಎಂದರು ಆರ್ನಲ್ಡ್. "ಆ ಕಡೆ ನಿಂತ್ಕೋ. ಹಗ್ಗದ ಕಡೆ."

ಜೋಸಿ ಹೋಗಿ ನಿಂತಳು. ಮಿಸೆಸ್ ಡನ್‌ಳ ಹಾಸಿಗೆ ಬಟ್ಟೆ ಅವಳ ಬೆನ್ನಿಗೆ ಬಡಿಯಿತು.

"ಮೊದಲು ಕೈ. ಕಾಗದ ಆಮೇಲೆ," ಎಂದು ಮುದುಕರು ಗೋಡೆಯ ಮೇಲಿಂದ ಕೈ ಚಾಚಿದರು. ಮಣ್ಣು ಮೆತ್ತಿದ, ಒರಟಾದ ಕೈ. ಜೋಸಿ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಳು. ಅಳು ಬಂತು, ಅತ್ತಳು. ಟ್ರೆವರ್ ಇದೇ ಸಮಯವೆಂದು ಅಳತೆ ಟೇಪು ಬಿಚ್ಚಿ ಗೋಡೆಯ ಉದ್ದವನ್ನು ಬಲು ಗಂಭೀರವಾಗಿ ಅಳೆಯತೊಡಗಿದ.

"ಇನ್ನೊಂದು ಮಾತು," ಎಂದಳು ಮಿಸ್ ಹಾವರ್ತ್. "ನಾನು ಜೋಸಿಯ ಕಡೆಯವಳು. ನಿಮ್ಮ ಕಡೆಗೂ ನಾನೇ ನಿಲ್ಲೋ ಹಾಗಿಲ್ಲ. ನೀವು ಬೇರೆಯವರನ್ನ ಇಟ್ಕೋಬೇಕು. ನನ್ನ ಕಚೇರಿ ಎದುರಿಗೇ ಸಾಲಿಸಿಟರ್ ಪಿಕಲ್ಸ್ ಇದಾರೆ."

"ಪಿಕಲ್ಸಾ? ಅವನಿಗೂ ನಿಂಗೂ ಮಾತಿಲ್ವಲ್ಲಮ್ಮ."

"ಹನ್ನೊಂದು ವರ್ಷದಿಂದ ಇಲ್ಲ. ನಾನು ಬರೆದಿದ್ರಲ್ಲಿ ಒಂದು ಅಲ್ಪವಿರಾಮ ಸಿಕ್ರೂ ತಪ್ಪು ಹುಡುಕ್ತಾರೆ. ನಿಮಗೆ ಅಂಥವರೇ ಬೇಕು."

ಆರ್ನಲ್ಡ್ ಗಡ್ಡ ಕೆರೆದುಕೊಂಡು, ಕಾಗದಗಳೆಲ್ಲ ಬೀರುವಿನ ಮೇಲೆ ಟಾಫಿ ಡಬ್ಬದಲ್ಲಿವೆ, ನಲವತ್ತು ವರ್ಷದಿಂದ ಮುಚ್ಚಳ ತೆಗೆದಿಲ್ಲ ಎಂದರು. ಆಮೇಲೆ ಬಕೆಟ್ಟುಗಳ ಕಡೆ ನೋಡಿದರು. ಟ್ರೆವರ್ ಟೇಪು ಸುತ್ತಿಟ್ಟು ಒಂದು ಬಕೆಟ್ ಎತ್ತಿಕೊಂಡ, ಜೋಸಿ ಇನ್ನೊಂದನ್ನು. ಮಿಸ್ ಹಾವರ್ತ್ ತನ್ನ ರಬ್ಬರು ಬೂಟಿನಲ್ಲಿ ಗುಂಡಿಗಿಳಿದು, ಇನ್ನೂ ಆಳ ಬೇಕು ಎಂದು ಸಲಿಕೆ ಕೇಳಿದಳು. ಗಡ್ಡೆಗಳನ್ನು ಇಟ್ಟು, ಮಣ್ಣು ಮುಚ್ಚಿ, ನೀರು ಹೊಯ್ದು ಮುಗಿಸುವಾಗ ಗಂಟೆ ಹನ್ನೊಂದಾಗಿತ್ತು.

ಆಮೇಲಿನ ನಾಲ್ಕು ವಾರ ಓಡಿದ ಓಟ ಅಷ್ಟಿಷ್ಟಲ್ಲ. ಪಿಕಲ್ಸ್ ಪತ್ರವನ್ನು ಎರಡು ಸಲ ತಿದ್ದಿ ಕಳಿಸಿದರು, ಮಿಸ್ ಹಾವರ್ತ್ ಎರಡು ಸಲವೂ ತಾನೇ ಬೀದಿ ದಾಟಿ ಹೋಗಿ ಜಗಳವಾಡಿ ಬಂದಳು. ಕೊನೆಯ ಸಲ ಹೋದಾಗ ಅವರು ಚಹಾ ಕೊಟ್ಟರಂತೆ. ಜೋಸಿಯ ಬಸ್ಸು ಈಗ ಸಿಗ್ನಲಿನಲ್ಲಿ ನಿಂತರೆ ಮೇಲಿನ ಕಿಟಕಿಯಲ್ಲಿ ಒಂದು ದೊಡ್ಡ ಕೈ ಕಾಣಿಸಿಕೊಂಡು, ಕೆಲಸ ಆಗಿದ್ದರೆ ಹೆಬ್ಬೆರಳು ಮೇಲೆ, ಇಲ್ಲವಾದರೆ ಅಡ್ಡ ಅಲ್ಲಾಡಿಸಿ ಹೋಗುತ್ತಿತ್ತು. ಬಸ್ಸಿಗೆ ಬಸ್ಸೇ ಆ ಕಿಟಕಿ ನೋಡಲು ಶುರುಮಾಡಿತು. ಮಂಗಳವಾರ, ಶುಕ್ರವಾರ ಆರ್ನಲ್ಡ್ ಮೊದಲ ಸೀಟಿನಲ್ಲಿ ಕೂತು ಹಿಂದಿನವರಿಗೆಲ್ಲ ವರದಿ ಒಪ್ಪಿಸುತ್ತಿದ್ದರು. ಮಿಸೆಸ್ ಡನ್ ಸಹಿ ಹಾಕಿದಳು. ಬ್ಯಾಂಕ್ ಒಪ್ಪಿತು. ಇಪ್ಪತ್ತೊಂಬತ್ತನೇ ತಾರೀಖು ಮಧ್ಯಾಹ್ನ ಕಿಟಕಿಯಲ್ಲಿ ಎರಡೂ ಹೆಬ್ಬೆರಳು ಕಂಡಾಗ ಜೋಸಿ ಹಾರ್ನ್ ಒತ್ತಿದಳು. ಡಿಪೋದಿಂದ ಆಮೇಲೆ ಅದಕ್ಕೊಂದು ಎಚ್ಚರಿಕೆ ಪತ್ರ ಬಂತು. ಅವಳು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ.

ಮರುದಿನ ಶುಕ್ರವಾರ ಬೀಗದ ಕೈ ಸಿಕ್ಕಿತು. ಸಾಮಾನಿನ ಲಾರಿ ಇನ್ನೂ ಬಂದಿರಲಿಲ್ಲ. ಜೋಸಿ ಖಾಲಿ ಮನೆಯ ಕಿಟಕಿಗಳನ್ನೆಲ್ಲ ಒರೆಸಿ, ಒದ್ದೆ ಬಟ್ಟೆ ಹಿಡಿದುಕೊಂಡು ಓಣಿ ದಾಟಿ ಬಂದಳು. ಮಿಸೆಸ್ ಡನ್ ಹೋಗುವಾಗ ಹಗ್ಗವನ್ನು ಕೊಕ್ಕೆಯ ಸಮೇತ ಬಿಚ್ಚಿಕೊಂಡು ಹೋಗಿದ್ದಳು. ಎರಡು ಕಂಬಗಳು ಬೋಳಾಗಿ ನಿಂತಿದ್ದವು.

ಜೋಸಿ ಜೇಬಿನಿಂದ ಪೊಟ್ಟಣ ತೆಗೆದಳು. ಎರಡು ತಿಂಗಳು ಜಾಕೆಟ್ಟಿನಲ್ಲಿ ಉಜ್ಜಿ ಉಜ್ಜಿ ಅದರ ಮೂಲೆಗಳು ಹರಿದಿದ್ದವು. ಒಂದು ಮೊಳೆ ಆರಿಸಿ ಕಂಬಕ್ಕೆ ಒತ್ತಿ ಹಿಡಿದಳು. ಆಗ ನೆನಪಾಯಿತು, ಸುತ್ತಿಗೆ ಲಾರಿಯಲ್ಲಿದೆ.

"ತಡಿ," ಎಂಬ ದನಿ ಕೇಳಿಸಿತು. ಆರ್ನಲ್ಡ್ ಬಂದು ಗೋಡೆಯ ಆಚೆಯಿಂದ ಸುತ್ತಿಗೆ ಕೊಟ್ಟು, ಕೈ ಚಾಚಿ ಕಂಬ ಅಲ್ಲಾಡದ ಹಾಗೆ ಹಿಡಿದುಕೊಂಡರು. ಮೊದಲನೇ ಏಟಿಗೆ ಮೊಳೆ ಸೊಟ್ಟಗಾಯಿತು. ಅವಳಿಗೆ ಅಭ್ಯಾಸವಿರಲಿಲ್ಲ. ಜೋಸಿ ಇನ್ನೊಂದು ಮೊಳೆ ತೆಗೆದಳು. ಅದು ಇಳಿಯಿತು.

ಆಚೆ ಕಂಬಕ್ಕೂ ಒಂದು ಹೊಡೆದು, ಅವರು ತಂದಿದ್ದ ಹಗ್ಗವನ್ನು ಇಬ್ಬರೂ ಸೇರಿ ಕಟ್ಟಿದರು. ಜೋಸಿ ಕಿಟಕಿ ಒರೆಸಿದ ಬಟ್ಟೆಯನ್ನು ಹಿಂಡಿ ಅದರ ಮೇಲೆ ಹರವಿದಳು. ಗೋಡೆಯ ಆಚೆ ನೆರಳಿನಲ್ಲಿ ಮೂರು ಬಕೆಟ್ಟುಗಳನ್ನು ತೊಳೆದು ಬೋರಲು ಹಾಕಿತ್ತು. ಅವುಗಳ ಪಕ್ಕದ ಮಣ್ಣಿನಲ್ಲಿ, ಒಂದು ಗಡ್ಡೆಯ ನೆತ್ತಿಯಿಂದ, ಇನ್ನೂ ಬಿಚ್ಚಿಕೊಳ್ಳದ ಒಂದು ಎಲೆ ಕೆಂಪಗೆ, ಮುಷ್ಟಿಯಷ್ಟು ಗಾತ್ರಕ್ಕೆ ಎದ್ದಿತ್ತು.